ಮೇಲಿನ ಮನೆಯ ನಡಿಗೆ

ಹೊಲಿಗೆಯವಳ ಮೂಳೆಯೊಳಗಿನ ಮಜ್ಜೆ ಕೆಲಸಕ್ಕೆ ಚಕ್ಕರ್ ಹೊಡೆಯತೊಡಗಿ ವರ್ಷಗಳೇ ಆಗಿದ್ದವು. ಮೈಗೆ ಬೇಕಾದಷ್ಟು ರಕ್ತವನ್ನು ಅದು ತಯಾರಿಸುತ್ತಿರಲಿಲ್ಲ. ಆಗಾಗ ಬೇರೆಯವರ ರಕ್ತ ಹಾಕಿಸಿಕೊಂಡೇ ಅವಳ ಬಂಡಿ ಸಾಗಬೇಕಿತ್ತು. ಯಾವಾಗ ಹಾಕಬೇಕು ಎನ್ನುವುದೇ ಪ್ರತಿ ಸಲದ ತಲೆನೋವು.

“ಬರೀ ರಿಪೋರ್ಟ್ ನೋಡಿ ನಾನು ರಕ್ತ ಹಾಕಲ್ಲಮ್ಮ,” ಎನ್ನುತ್ತಿದ್ದರು ಡಾಕ್ಟರು. “ಸುಮ್ಮಸುಮ್ಮನೆ ಹಾಕ್ತಾ ಹೋದ್ರೆ ಮೈಯಲ್ಲಿ ಕಬ್ಬಿಣ ತುಂಬ್ಕೊಳ್ಳುತ್ತೆ. ತಡ ಮಾಡಿದ್ರೆ ಹೃದಯ ಸೋತುಹೋಗುತ್ತೆ. ಅದಕ್ಕೇ ನಿಮ್ಮನ್ನ ಕೇಳೋದು. ಏದುಸಿರು ಬರುತ್ತಾ? ಕಿವಿಯಲ್ಲಿ ಏನಾದ್ರೂ ಸದ್ದು?”

“ಏನೂ ಇಲ್ಲ ಡಾಕ್ಟ್ರೇ. ಗುಂಡುಕಲ್ಲಿನ ಹಾಗಿದ್ದೀನಿ.”

ಹಸಿ ಸುಳ್ಳು. ಕತ್ತರಿ ಎತ್ತಿದರೆ ಅವಳ ಕೈ ಸೋಲುತ್ತಿತ್ತು. ಆದರೆ ಮೈಯಲ್ಲಿ ರಕ್ತ ಕಡಿಮೆಯಾದಾಗಲೆಲ್ಲ, ಬೀಗ ಹಾಕಿದ ಮೇಲಿನ ಮನೆಯಲ್ಲಿ ಯಾರೋ ನಡೆದಾಡುತ್ತಿದ್ದರು. ಒಂದು ಭಾರದ ಹೆಜ್ಜೆ, ಕೊಂಚ ತಡವರಿಕೆ, ಒಂದು ಹಗುರ ಹೆಜ್ಜೆ. ಮೊಣಕಾಲು ಮಡಚಲಾಗದ ಅವಳ ಗಂಡ ನಡೆಯುತ್ತಿದ್ದುದು ಹಾಗೆಯೇ. ಮಗಳು ಹಸುಗೂಸಾಗಿದ್ದಾಗಲೇ ಅವನು ತೀರಿಕೊಂಡಿದ್ದ. ಕಾಲಿನ ಮಾತೆತ್ತಿದರೆ ಅವನಿಗೆ ಆಗುತ್ತಿರಲಿಲ್ಲ. ಅವನು ಹೋದ ಮೇಲೂ ಅವಳು ಅದನ್ನು ಯಾರೆದುರೂ ಎತ್ತಲಿಲ್ಲ, ಮಗಳೆದುರೂ.

ರಕ್ತ ಹಾಕಿಸಿಕೊಂಡರೆ ಸದ್ದು ನಿಂತುಹೋಗುತ್ತಿತ್ತು. ಮತ್ತೆ ಮತ್ತೆ ವಿಧವೆಯಾಗುವುದು ಯಾರಿಗೆ ಬೇಕು?

ಕೊನೆಗೊಂದು ದಿನ ಬಟ್ಟೆ ಕತ್ತರಿಸುತ್ತಿದ್ದವಳು ಮೇಜಿನ ಪಕ್ಕದಲ್ಲೇ ಕುಸಿದಳು. ಮಗಳು ಆಸ್ಪತ್ರೆಗೆ ಹೊತ್ತು ತಂದು, ರಕ್ತ ತರಲು ಓಡಿದಳು. ಆಗ ಹೊಲಿಗೆಯವಳು ಡಾಕ್ಟರೆದುರು ಹೆಜ್ಜೆಗಳ ವಿಷಯ ಬಾಯಿಬಿಟ್ಟಳು.

“ಈಗಲೂ ಕೇಳಿಸ್ತಿದೆಯಾ? ತಟ್ಟಿ ತೋರಿಸಿ,” ಎಂದು ಡಾಕ್ಟರು ಅವಳ ನಾಡಿ ಹಿಡಿದರು. ಹೊಲಿಗೆಯವಳು ಇನ್ನೊಂದು ಕೈಯಿಂದ ಮಂಚದ ಅಂಚನ್ನು ತಟ್ಟಿದಳು. ನಾಡಿಗೂ ಹೆಜ್ಜೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಇದು ನಿಮ್ಮ ಹೃದಯಾನೇ ಅಮ್ಮ.”

“ಹೃದಯ ಕುಂಟುತ್ತಾ ಡಾಕ್ಟ್ರೇ?”

“ಸುಸ್ತಾದಾಗ ಅದೂ ಕುಂಟುತ್ತೆ.”

ಇಷ್ಟು ದಿನ ತನ್ನ ಸಾವಿನ ಸದ್ದನ್ನೇ ಗಂಡನೆಂದುಕೊಂಡು ಕಿವಿಗೊಟ್ಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು. ಅಳುತ್ತಲೇ ಕೈ ಚಾಚಿದಳು. ಅಪರಿಚಿತರ ರಕ್ತ ಹನಿಹನಿಯಾಗಿ ಇಳಿಯಿತು. ಹೆಜ್ಜೆಗಳು ದೂರವಾಗಿ ನಿಂತುಹೋದವು. ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ ಎಂದು ಡಾಕ್ಟರಿಗೆ ಮಾತು ಕೊಟ್ಟಳು.

ಆ ವಾರವೇ ಒಂದು ಮಧ್ಯಾಹ್ನ ತಾಯಿ ಹೊಲಿಯುತ್ತಿದ್ದಳು, ಮಗಳು ಗುಂಡಿ ಹಚ್ಚುತ್ತಿದ್ದಳು. ಮಗಳ ಸೂಜಿ ನಿಂತಿತು.

“ಅಮ್ಮಾ, ಮೇಲಿನ ಮನೆಗೆ ಯಾರಾದ್ರೂ ಬಂದಿದ್ದಾರಾ?”

ತಾಯಿ ಎದ್ದು ಬಂದು ಮೊದಲು ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪಗಿತ್ತು, ರಕ್ತಕ್ಕೇನೂ ಕೊರತೆಯಿರಲಿಲ್ಲ.

“ಹೇಗೆ ಕೇಳಿಸ್ತಿದೆ? ತಟ್ಟಿ ತೋರಿಸು,” ಎಂದು ಮಗಳ ಮುಂಗೈ ಹಿಡಿದುಕೊಂಡಳು.

ಮಗಳು ಮೇಜಿನ ಮೇಲೆ ತಟ್ಟಿದಳು. ಒಂದು ಭಾರ, ಕೊಂಚ ತಡವರಿಕೆ, ಒಂದು ಹಗುರ. ತಾಯಿಯ ಬೆರಳಡಿಯಲ್ಲಿ ಅವಳ ನಾಡಿ ಮಾತ್ರ ಒಂದೇ ಸಮನೆ, ಸರಸರನೆ ಓಡುತ್ತಿತ್ತು. ಎರಡಕ್ಕೂ ತಾಳಮೇಳವೇ ಇರಲಿಲ್ಲ.

ಮಗಳ ಬೆರಳು ನಿಂತಿತು. “ನಮ್ಮ ತಲೆ ಮೇಲೇ ಬಂದು ನಿಂತ್ರು ಅಮ್ಮ. ನಿಂಗೆ ಕೇಳಿಸ್ಲಿಲ್ವಾ?”

ಹೊಲಿಗೆಯವಳು ಮೈಯೆಲ್ಲ ಕಿವಿಯಾಗಿ ಸೂರು ನೋಡಿದಳು.

“ಇಲ್ಲ ಮಗಳೇ. ನಂಗೇನೂ ಕೇಳಿಸ್ತಿಲ್ಲ.”

ಈ ಸಲ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.