ಅಬ್ದೋನನ ಲಾರಿಯ ಜಾಡು

ಬೆಳಗಿನ ಬಿಸಿಲು ಇನ್ನೂ ಹದವಾಗಿತ್ತು. ಕ್ಲೆಮೆಂತೆ ತನ್ನ ವ್ಯಾನಿನ ಮುಂದಿನ ಸೀಟಿಗೆ ದಿಂಬು ಹಾಕಿ ಅವ್ವನನ್ನು ಕೂರಿಸಿದ. ದೊರೊತೆಯಾ ಹುರಿದ ಮೆಕ್ಕೆಜೋಳದ ಗಂಟನ್ನು ಮಡಿಲಲ್ಲಿಟ್ಟುಕೊಂಡು, "ಪರದೇಶದವರನ್ನೆಲ್ಲ ಸುತ್ತಿಸ್ತೀಯ. ಹೆತ್ತವಳಿಗೆ ಎಪ್ಪತ್ತೆರಡು ತುಂಬಬೇಕಾಯ್ತು" ಎಂದು ಚುಚ್ಚಿದಳು.

"ಕರೆದಾಗೆಲ್ಲ ಕೋಳಿಗೆ ಕಾಳು ಹಾಕ್ಬೇಕು ಅಂತಿದ್ದಿದ್ದು ಯಾರವ್ವಾ?"

ನಾಸ್ಕಾದಲ್ಲೇ ಹುಟ್ಟಿ ಬೆಳೆದರೂ ಊರಾಚೆಯ ಮರಳುಗಾಡಿನ ಬಯಲಲ್ಲಿ ಸಾವಿರಾರು ವರ್ಷ ಹಿಂದಿನವರು ನೆಲಕ್ಕೇ ಗೆರೆ ಕೊರೆದು ಬರೆದ ಭಾರೀ ಚಿತ್ರಗಳನ್ನು ಅವಳು ನೋಡಿರಲಿಲ್ಲ. ಈಗ ಕಣ್ಣಿಗೆ ಪೊರೆ ಕವಿಯುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಚಿತ್ರ ತೋರಿಸಿ, ಮಧ್ಯಾಹ್ನದ ಹೊತ್ತಿಗೆ ಪರಾಕಾಸಿನ ಕಾಯ್ದಿಟ್ಟ ಕಡಲತೀರದ ಕೆಂಪುರೆಕ್ಕೆಯ ಹಕ್ಕಿಗಳನ್ನೂ ತೋರಿಸಬೇಕೆಂದು ಮಗ ಹಟ ಹಿಡಿದಿದ್ದ.

ಚಿತ್ರ ನೋಡಲೆಂದು ರಸ್ತೆ ಬದಿಯಲ್ಲಿ ಕಟ್ಟಿದ ಕಬ್ಬಿಣದ ಗೋಪುರ ಕಂಡು ದೊರೊತೆಯಾ ಮಂಡಿ ಸವರಿಕೊಂಡಳು. "ಅಷ್ಟು ಮೆಟ್ಟಿಲು ನನ್ನ ಕೈಲಾಗಲ್ಲ ಮಗಾ."

"ಹತ್ತೋದ್ಯಾಕೆ? ಮುಂದೆ ಬೇಲಿ ಇಲ್ಲ, ಗೆರೆ ಪಕ್ಕಕ್ಕೇ ಗಾಡಿ ಬಿಡ್ತೀನಿ."

ಕಾಲುನೋವೆಂದ ಪ್ರವಾಸಿಗರನ್ನು ಅವನು ಹಾಗೆ ಕರೆದೊಯ್ದದ್ದುಂಟು. ಈಗಲೂ ತಿರುಗಿಸಿದ. ಚಕ್ರ ಟಾರು ಬಿಟ್ಟು ಇಳಿಯುವಷ್ಟರಲ್ಲಿ ಅವ್ವ ಸ್ಟೀರಿಂಗನ್ನೇ ಹಿಡಿದಳು.

"ನಿಲ್ಸೋ!"

"ನಿನಗೋಸ್ಕರಾನೇ ಅವ್ವಾ. ಇಷ್ಟು ದೊಡ್ಡ ಬಯಲಿಗೆ ಒಂದು ಗಾಡಿಯಿಂದ ಏನಾಗುತ್ತೆ?"

"ನಿಮ್ಮಪ್ಪ ಅಬ್ದೋನನೂ ಇದೇ ಮಾತಂದಿದ್ದ." ಅವಳ ದನಿ ತಗ್ಗಿತು. "ನೀನು ಹೊಟ್ಟೇಲಿದ್ದೆ, ನೋವು ಶುರುವಾಗಿತ್ತು. ಬೇಗ ಆಸ್ಪತ್ರೆ ಸೇರ್ಬೇಕು ಅಂತ ಅವನು ಲಾರಿನ ಬಯಲಿಗೆ ಅಡ್ಡ ಹೊಡ್ದ. ಮಳೆ ಕಾಣದ ನೆಲ ಕಣೋ ಇದು, ಬಿದ್ದ ಗುರುತು ಮುಚ್ಚಿಕೊಳ್ಳೋಕೆ ಬರಲ್ಲ. ಆ ಜಾಡು ಈಗ್ಲೂ ಇದೆಯಂತೆ. ಅದನ್ನ ನೋಡೋ ಧೈರ್ಯ ಇರ್ಲಿಲ್ಲ. ಕೋಳಿ ಕಾಳೆಲ್ಲ ನೆಪ."

ಕ್ಲೆಮೆಂತೆ ಗಾಡಿ ಹಿಂದೆ ತೆಗೆದ. ಗೋಪುರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, "ಬೆನ್ನ ಮೇಲೆ ಹತ್ತು" ಎಂದ.

ಅರ್ಧ ಮೆಟ್ಟಿಲಿಗೇ ಅವನಿಗೆ ಏದುಸಿರು ಬಂತು. "ಏನು ತಿಂತೀಯವ್ವಾ!"

"ನೀನು ತಟ್ಟೇಲಿ ಬಿಟ್ಟಿದ್ದನ್ನ."

ಮೇಲಿಂದ ಎರಡು ಕೈಗಳ ಚಿತ್ರ ಕಂಡಿತು. ಅದರಾಚೆ ಒಂದು ಹಳೆಯ ಉದ್ದ ಗೆರೆ. ಅದನ್ನು ಕತ್ತರಿಸಿಕೊಂಡು ಹೋದ ಜೋಡಿ ಚಕ್ರದ ಗುರುತು.

"ಇದೆಯೇನೋ?"

"ಇದೆ ಅವ್ವಾ."

"ನಿನ್ನಷ್ಟೇ ವಯಸ್ಸು ಅದಕ್ಕೆ" ಎಂದು ಅವಳು ಅವನ ತಲೆ ನೇವರಿಸಿದಳು.

ಪರಾಕಾಸಿನಲ್ಲಿ ಗಾಳಿ ಮುಖಕ್ಕೆ ಮರಳು ಎರಚುತ್ತಿತ್ತು. ಗಾಡಿಗಳು ದಾಟಬಾರದೆಂದು ಗಡಿಗೆ ಜೋಡಿಸಿದ ಕಲ್ಲುಸಾಲಿನಾಚೆ, ಬಲು ದೂರದ ನೀರಂಚಿನಲ್ಲಿ ಹಕ್ಕಿಗಳಿದ್ದವು. ದೊರೊತೆಯಾಳ ಕಣ್ಣಿಗೆ ಅದು ಒರೆಸಿಟ್ಟ ಗುಲಾಬಿ ಬಣ್ಣವಷ್ಟೇ.

"ಇನ್ನೂ ಹತ್ರ ಇಳಿಸೋ ಕ್ಲೆಮೆಂತೆ, ಯಾರೂ ನೋಡ್ತಿಲ್ಲ!" ಪರಿಚಯದ ಡ್ರೈವರೊಬ್ಬ ಕೂಗಿದ.

ಕ್ಲೆಮೆಂತೆ ಇಂಜಿನ್ ಆರಿಸಿ ಕೀಲಿಯನ್ನು ಜೇಬಿಗಿಳಿಸಿದ. ಅವ್ವನನ್ನು ಕಲ್ಲುಸಾಲಿನ ಈಚೆಗೇ ಇಳಿಸಿ ಕೂರಿಸಿ, ಗಾಳಿ ತಾಗದಂತೆ ಒತ್ತಿ ಕೂತ.

"ಕೇಳು. ಮುನ್ನೂರಾದ್ರೂ ಇರ್ಬೇಕು. ಎಲ್ಲಾ ಕೆಸರಲ್ಲಿ ಮೂಗು ಹಾಕ್ಕೊಂಡಿವೆ. ಒಂದು ಮಾತ್ರ ಒಂಟಿಕಾಲಲ್ಲಿ ನಿದ್ದೆ. ಅದರ ಪಕ್ಕದ್ದು ಕತ್ತೆತ್ತಿ ಬೈತಿದೆ, ಥೇಟು ನಿನ್ನ ತಂಗಿ."

ದೊರೊತೆಯಾ ಕೆಮ್ಮು ಬರುವಷ್ಟು ನಕ್ಕಳು. "ಆ ಮಲಗಿರೋದು ಎದ್ದಿತಾ?"

"ಇರವ್ವಾ, ನೋಡಿ ಹೇಳ್ತೀನಿ" ಎಂದು ಅವನು ಹಣೆಗೆ ಕೈ ಅಡ್ಡ ಹಿಡಿದ.