ಅಳತೆ ಕಳೆದುಕೊಂಡ ಪಾದದ ಚಿತ್ರ

ನಾನು ಒಂದು ಪಾದದ ಚಿತ್ರ. ಹುಟ್ಟಿದ್ದು ಕಾಗದದ ಮೇಲಲ್ಲ, ಅಥಣಿಯ ಒಂದು ಚಪ್ಪಲಿ ಅಂಗಡಿಯ ಕಂಪ್ಯೂಟರಿನೊಳಗೆ. ನನ್ನನ್ನು ಫೋಟೊ ಅಂದುಕೊಳ್ಳಬೇಡಿ, ಸಿಟ್ಟು ಬರುತ್ತದೆ. ಫೋಟೊ ಎಂದರೆ ಬಣ್ಣದ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಒಡೆದುಹೋಗುತ್ತದೆ. ನನ್ನೊಳಗೆ ಇರುವುದು ಬರೀ ಅಪ್ಪಣೆಗಳು: ಇಲ್ಲಿಂದ ಹೊರಡು, ಇಷ್ಟು ದೂರ ಹೋಗಿ ಬಾಗು, ಹೆಬ್ಬೆರಳ ತುದಿಯಲ್ಲಿ ತಿರುಗು, ಹಿಮ್ಮಡಿಗೆ ಬಂದು ಸೇರು. ಸಾಸಿವೆಯಷ್ಟು ಮಾಡಿ, ಗೋಡೆಯಷ್ಟು ಮಾಡಿ, ನನ್ನ ಗೆರೆ ಮಸುಕಾಗುವುದಿಲ್ಲ. ಒಂದು ಕಾಲದಲ್ಲಿ ಆ ಜಂಬ ನನಗೆ ಬಹಳ ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನನ್ನು ಬರೆದವಳು ಕಸ್ತೂರಿ, ಅಂಗಡಿಯ ಧರೆಪ್ಪ ಕಾಂಬಳೆಯ ಮಗಳು. ಧರೆಪ್ಪ ಹೊಲಿಯುತ್ತಿದ್ದುದು ಸಕ್ಕರೆ ಕಾಯಿಲೆಯವರ ಬೂಟು. ಆ ಕಾಯಿಲೆ ಹಳೆಯದಾದರೆ ಪಾದ ಮರಗಟ್ಟಿಬಿಡುತ್ತದೆ, ಮೊಳೆ ಹೊಕ್ಕರೂ ತಿಳಿಯುವುದಿಲ್ಲ. ನಿಮಗೆ ಬೂಟು ಬಿಗಿಯಾದರೆ ನಾಲ್ಕು ಹೆಜ್ಜೆಗೇ ಅಯ್ಯಯ್ಯೋ ಅನ್ನುತ್ತೀರಿ, ಅವರು ಅನ್ನುವುದಿಲ್ಲ. ಆದ್ದರಿಂದ ಧರೆಪ್ಪ ಗಿರಾಕಿಯನ್ನು ‘ಬಿಗಿ ಐತೇನ್ರಿ’ ಎಂದು ಎಂದೂ ಕೇಳಿದವನಲ್ಲ. ಬೂಟಿನೊಳಗೆ ತನ್ನ ಬೆರಳು ತೂರಿಸಿ ತಾನೇ ನೋಡುತ್ತಿದ್ದ.

ಆದರೆ ದೂರದೂರಿನ ರೋಗಿಗಳು ಅಥಣಿಗೆ ಬರುವುದು ಹೇಗೆ? ಅದಕ್ಕೆಂದೇ ನಾನು ಹುಟ್ಟಿದೆ. ಮೂರನೆಯ ನಂಬರಿನಿಂದ ಎಂಟರವರೆಗಿನ ಪಾದಗಳನ್ನು ಒಂದರೊಳಗೊಂದು ಬರೆದು, ಪ್ರತಿ ಗೆರೆಗೂ ನಂಬರು ಕೊಟ್ಟಳು ಕಸ್ತೂರಿ. ಚಿತ್ರವನ್ನು ಹಾಳೆಗೆ ಇಳಿಸಿಕೊಂಡು ಅದರ ಮೇಲೆ ನಿಲ್ಲುವುದು, ಹೆಬ್ಬೆರಳು ಮುಟ್ಟಿದ ಗೆರೆಯ ನಂಬರು ಫೋನಿನಲ್ಲಿ ಹೇಳುವುದು, ಬೂಟು ಅಂಚೆಯಲ್ಲಿ ಬರುವುದು. ನನ್ನ ನೆತ್ತಿಯ ಮೇಲೆ ಅವಳು ಎರಡು ಮಾತು ಬರೆದಿದ್ದಳು. ಒಂದು, ನನ್ನ ಚೌಕಟ್ಟು. ಅದು ಆಕಾರವನ್ನು ಕಾಯುತ್ತದೆ. ಇನ್ನೊಂದು, ಅಗಲ ಹದಿನೆಂಟು ಸೆಂಟಿಮೀಟರ್, ಎತ್ತರ ಇಪ್ಪತ್ತಾರು. ಅದು ಗಾತ್ರವನ್ನು ಕಾಯುತ್ತದೆ. ಮೊದಲ ಹಾಳೆಯ ಮೇಲೆ ಧರೆಪ್ಪನೇ ನಿಂತ.

“ಎಂಟ ಬಂತ ನೋಡು. ನನ್ನ ನಂಬರ ಎಂಟ ಐತಿ. ಶಾಣ್ಯಾಕಿ ಅದೀ ಮಗಳ!” ಅಂದ. ಆವತ್ತು ಮನೆಯಲ್ಲಿ ಹೋಳಿಗೆ ಮಾಡಿದರು.

ಕಸ್ತೂರಿಯ ಜೊತೆ ಓದಿದ ಅಭಿನಂದನ ಎಂಬವನು ಅಂಗಡಿಗೆ ವೆಬ್ ಪುಟ ಮಾಡಿಕೊಟ್ಟು ನನ್ನನ್ನು ಅದರಲ್ಲಿ ಕೂರಿಸಿದ. ವಾರ ಕಳೆಯುವುದರೊಳಗೆ ದೂರು ಶುರು. ಕಸ್ತೂರಿ ಅವನನ್ನು ಕರೆಸಿದಳು.

“ಫೋನಿನ್ಯಾಗ ಬರೇ ಹೆಬ್ಬೆರಳ ಕಾಣಸ್ತೈತಿ, ಹಿಮ್ಮಡಿ ಎಲ್ಲಿ ಹೋತು ಅಂತ ಮಂದಿ ಕೇಳಾಕತ್ತಾರೊ.”

“ಸೆಂಟಿಮೀಟರ ಹಾಕಿ ಕಟ್ಟೀಯಲ್ಲ, ಅದಕ್ಕ ಹಂಗ. ಬಿಚ್ಚಿಬಿಡ್ತೀನಿ ತಡಿ. ಎಷ್ಟ ಜಾಗ ಸಿಗ್ತೈತೋ ಅಷ್ಟ ತುಂಬಕೊಳ್ಳಲಿ.”

ಹದಿನೆಂಟನ್ನೂ ಇಪ್ಪತ್ತಾರನ್ನೂ ಅಳಿಸಿ, ‘ಅಗಲ ನೂರಕ್ಕೆ ನೂರು’ ಎಂದು ಬರೆದ. ಚೌಕಟ್ಟು ಮುಟ್ಟಲಿಲ್ಲ, ಹಾಗಾಗಿ ನನ್ನ ಆಕಾರವೇನೂ ಕೆಡಲಿಲ್ಲ. ಸಣ್ಣ ಫೋನಿನಲ್ಲಿ ಸಣ್ಣದಾಗಿ, ದೊಡ್ಡ ಪರದೆಯಲ್ಲಿ ದೊಡ್ಡದಾಗಿ, ಎಲ್ಲಿ ನೋಡಿದರೂ ಬೆರಳಿನಿಂದ ಹಿಮ್ಮಡಿಯವರೆಗೆ ಇಡಿಯಾಗಿ ಕಂಡೆ. ಎಲ್ಲರೂ ಭೇಷ್ ಅಂದರು, ನಾನೂ ಉಬ್ಬಿಹೋದೆ. ಇನ್ನೊಮ್ಮೆ ಹಾಳೆಗೆ ಇಳಿಸಿ ಅಳೆದು ನೋಡೋಣ ಎಂಬ ಬುದ್ಧಿ ಒಬ್ಬರಿಗಾದರೂ ಬರಬೇಕಿತ್ತಲ್ಲ! ಬರಲಿಲ್ಲ.

ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ ಪಾರವ್ವ ಎಂಬ ಆಶಾ ಕಾರ್ಯಕರ್ತೆ ಇದ್ದಳು. ಬಸುರಿಯರನ್ನು ವಿಚಾರಿಸುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಮನೆಮನೆ ತಿರುಗುವುದು ಅವಳ ಕೆಲಸ. ಗಂಡ ಇಲ್ಲ, ಮಕ್ಕಳಿಲ್ಲ. ಕಾಲಿದ್ದರೆ ಕೆಲಸ, ಕೆಲಸ ಇದ್ದರೆ ಅನ್ನ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಆ ಕಾಲನ್ನೇ ಮರಗಟ್ಟಿಸಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದೇ ಧರೆಪ್ಪನ ಬೂಟಿಗೆ ಮನಸ್ಸು ಮಾಡಿ, ಸಿಂದಗಿಯ ಜೆರಾಕ್ಸ್ ಅಂಗಡಿಗೆ ಹೋದಳು.

ಪ್ರಿಂಟರು ನನ್ನ ಅಗಲ ಎಷ್ಟೆಂದು ಹುಡುಕಿತು. ನನ್ನಲ್ಲಿ ಉತ್ತರ ಇರಲಿಲ್ಲ. ಜಾಗ ಇದ್ದಷ್ಟು ಅಂದೆ. ಅಂಚು ಬಿಟ್ಟು ಹಾಳೆಯಲ್ಲಿ ಹತ್ತೊಂಬತ್ತು ಸೆಂಟಿಮೀಟರು ಜಾಗ ಇತ್ತು, ಅಷ್ಟಕ್ಕೂ ಹಿಗ್ಗಿ ಕೂತೆ. ನನ್ನ ಗೆರೆಗಳೆಲ್ಲ ದೊಡ್ಡವಾದವು, ಹಾಗಾಗಿ ನನ್ನ ಮೇಲೆ ನಿಂತ ಪಾದ ಸಣ್ಣದೆಂದು ತೋರಿತು.

ಪಾರವ್ವ ಅಲ್ಲಿಂದಲೇ ಫೋನು ಮಾಡಿದಳು. “ಅಣ್ಣಾರ, ನಾ ಮೊದಲಿಂದ ಆರ ನಂಬರ ಮೆಟ್ಟಾಕಿ. ಹಾಳ್ಯಾಗ ಐದ ಬಂದೈತ್ರಿ. ಹೆಂಗ ಮಾಡೂದು?”

ಬೇರೆ ಯಾರದೋ ಹಾಳೆಯಾಗಿದ್ದರೆ ಧರೆಪ್ಪ ನಂಬುತ್ತಿರಲಿಲ್ಲ. ಇದು ಮಗಳು ಬರೆದದ್ದು, ತಾನೇ ನಿಂತು ನೋಡಿದ್ದು.

“ಆ ಹಾಳಿ ಸುಳ್ಳ ಹೇಳೂದಿಲ್ಲವಾ. ಸಕ್ಕರಿ ಬ್ಯಾನ್ಯಾಗ ಕಾಲ ಬಡವಾಗಿರಬೇಕು. ಐದ ಹೊಲಿತೇನಿ,” ಅಂದ.

ಬೂಟು ಹೋಯಿತು. ಹಾಕಿಕೊಳ್ಳುವಾಗ ಸ್ವಲ್ಪ ತುರುಕಬೇಕಾಯಿತು. ಹೊಸದಲ್ಲವೇ, ಒಗ್ಗುತ್ತದೆ ಎಂದುಕೊಂಡಳು ಪಾರವ್ವ. ಮರುದಿನ ಧರೆಪ್ಪ ಫೋನು ಮಾಡಿ ವಿಚಾರಿಸಿದ. “ಬಿಗಿ ಅನಸ್ತೈತೇನವಾ?”

“ಇಲ್ರಿ ಅಣ್ಣಾರ, ಏನೇನೂ ಅನಸೂದಿಲ್ಲ. ಹೂವಿನಂಗ ಅದಾವು.”

ಅವನು ಖುಷಿಯಿಂದ ಫೋನು ಇಟ್ಟ. ಅಯ್ಯೋ ಧರೆಪ್ಪಾ, ಜನ್ಮದಲ್ಲಿ ಕೇಳದ ಪ್ರಶ್ನೆಯನ್ನು ಯಾರಿಗೆ ಕೇಳಿದೆಯಪ್ಪಾ! ಎದುರಿಗೆ ಕೂತವರ ಬೂಟಿಗೆ ಬೆರಳು ಹಾಕಿ ನೋಡುವವನು, ಫೋನಿನಲ್ಲಿ ಬಾಯಿಮಾತು ನಂಬಿಬಿಟ್ಟ.

ಪಾರವ್ವ ನನ್ನ ಹಾಳೆಯನ್ನು ಮಡಚಿ ಕೆಲಸದ ಚೀಲದಲ್ಲಿ ಇಟ್ಟುಕೊಂಡಿದ್ದಳು, ಅದರಿಂದ ಮುಂದಿನದೆಲ್ಲ ನನ್ನ ಕಿವಿಯ ಮೇಲೇ ಬಿತ್ತು. ಅದು ಪೋಲಿಯೊ ಹನಿ ಹಾಕುವ ವಾರ. ನಾಲ್ಕು ದಿನ ತೋಟದ ವಸ್ತಿಗಳನ್ನೂ ಬಿಡದೆ ತಿರುಗಿದಳು. ಐದನೆಯ ದಿನ ಒಬ್ಬ ಬಾಣಂತಿ, “ಪಾರಕ್ಕಾ, ನಿನ್ನ ಕಾಲಚೀಲ ಯಾಕ ಕೆಂಪಗಾಗೈತಿ?” ಎಂದು ಕೇಳಿದಳು. ಬಿಚ್ಚಿ ನೋಡಿದರೆ ಕಿರುಬೆರಳಿನ ಪಕ್ಕ ಮಾಂಸ ಕಾಣುತ್ತಿತ್ತು. ಊರಿಗೆಲ್ಲ ಆಸ್ಪತ್ರೆಯ ದಾರಿ ತೋರಿಸಿದವಳು ತನ್ನ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಎರಡು ದಿನ ಕಳೆದಳು, ಯಾಕೆಂದರೆ ನೋವಿರಲಿಲ್ಲ. ಬೆರಳು ಕಪ್ಪಾಯಿತು. ವಿಜಯಪುರದ ಆಸ್ಪತ್ರೆಯಲ್ಲಿ ಬೆರಳು ತೆಗೆದರು. ಕೊಳೆಯುವುದು ನಿಲ್ಲಲಿಲ್ಲ. ಹದಿನೈದು ದಿನಕ್ಕೆ ಅರ್ಧ ಪಾದ ತೆಗೆದರು. ಅವಳ ಕೆಲಸಕ್ಕೆ ಇನ್ನೊಬ್ಬಳು ಬಂದಳು.

ಸುದ್ದಿ ಅಥಣಿಗೆ ಮುಟ್ಟಿದ ದಿನ ಕಸ್ತೂರಿ ನನ್ನನ್ನು ಹಾಳೆಗೆ ಇಳಿಸಿ ಅಳತೆಪಟ್ಟಿ ಇಟ್ಟಳು. ಹತ್ತೊಂಬತ್ತು. ಇನ್ನೊಮ್ಮೆ ಇಟ್ಟಳು.

ಅಭಿನಂದನ ಬಂದು ಬಾಗಿಲಲ್ಲೇ ನಿಂತ. “ಫೋನಿನ್ಯಾಗ ಸರಿ ಕಾಣಬೇಕು ಅಂದಿ, ಮಾಡಿದೆ. ಹಾಳಿ ಮ್ಯಾಲೆ ನಿಂತ ಅಳೀತಾರ ಅಂತ ನನಗ್ಯಾರ ಹೇಳಿದ್ರವಾ?”

ಅದೂ ಸುಳ್ಳಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನ್ನ ಮೇಲೆ ನಿಂತು ನಂಬರು ಹೇಳಿದವರಿಗೆಲ್ಲ ಫೋನು ಮಾಡಿ ಬೂಟು ವಾಪಸು ತರಿಸಿದರು. ಉಳಿದವರ ಕಾಲು ಉಳಿಯಿತು. ಪುಟದಿಂದ ನನ್ನನ್ನು ಕಿತ್ತು ಹಳೆಯ ಫೈಲುಗಳ ನಡುವೆ ಒಗೆದರು. ಕಸ್ತೂರಿಗೆ ನನ್ನನ್ನು ಅಳಿಸಿಹಾಕಲು ಮನಸ್ಸಿಲ್ಲ, ತೆರೆದು ನೋಡಲು ಧೈರ್ಯವಿಲ್ಲ.

ಈ ಮೂಲೆ ಸೇರಿದ ಮೇಲೆ ನನ್ನನ್ನು ತೆರೆದದ್ದು ಒಂದೇ ಸಲ. ಪಾರವ್ವ ಕೋಲೂರಿಕೊಂಡು ಅಂಗಡಿಗೆ ಬಂದಿದ್ದಳು, ಉಳಿದ ಅರ್ಧ ಪಾದಕ್ಕೆ ಬೂಟು ಹೊಲಿಸಲು. ಧರೆಪ್ಪ ಎದುರಿಗೆ ಕುಕ್ಕರಿಸಿ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದ.

“ಏಳ್ರಿ ಅಣ್ಣಾರ, ಹಿರ್ಯಾರ ನೀವು, ಹಿಂಗ ಕಾಲ ಹಿಡೀಬಾರದು,” ಅಂದಳು ಪಾರವ್ವ. ಆಮೇಲೆ ಕಸ್ತೂರಿಯ ಕಡೆ ತಿರುಗಿ, “ತಂಗೀ, ಆ ಚಿತ್ರ ಒಮ್ಮಿ ತೋರಿಸು,” ಅಂದಳು.

ಕಸ್ತೂರಿ ಫೋನಿನಲ್ಲಿ ನನ್ನನ್ನು ತೆರೆದು ಅವಳ ಕೈಗೆ ಕೊಟ್ಟಳು. ಪಾರವ್ವ ಎರಡು ಬೆರಳಿನಿಂದ ನನ್ನನ್ನು ಎಳೆದಳು, ದೊಡ್ಡದಾದೆ. ಚಿವುಟಿದಳು, ಸಣ್ಣದಾದೆ. ಮತ್ತೆ ಎಳೆದಳು. ಎಲ್ಲೂ ಒಂದು ಗೆರೆ ಹರಿಯಲಿಲ್ಲ.

“ಹಿಂಗ ಜಗ್ಗಿದ್ರ ಇದಕ್ಕೇನೂ ಆಗೂದಿಲ್ಲೇನ ತಂಗೀ?”

“ಇಲ್ರಿ ಅಕ್ಕಾರ.”

“ನನ್ನ ಕಾಲಿಗೂ ಏನೂ ಅನಸಲಿಲ್ಲ ನೋಡವಾ,” ಅಂದಳು ಪಾರವ್ವ, ಫೋನು ವಾಪಸು ಕೊಟ್ಟಳು. ಸಿಂದಗಿಯಲ್ಲಿ ಆ ಒಂದು ಸೆಂಟಿಮೀಟರು ಹಿಗ್ಗುವಾಗ ಎಳ್ಳಷ್ಟು ನೋವಾಗಿದ್ದರೂ ನಾನು ಕೂಗಿಕೊಳ್ಳುತ್ತಿದ್ದೆ.