ಉಗುರು ಸಾಹೇಬರ ಅಂಜೂರ

ಬಕೆಟ್ಟಿನ ನೀರಿನ ಮೇಲೆ ಒಣ ಎಲೆಯೊಂದು ಸುತ್ತುತ್ತಿದೆ, ನಿಂತಂತೆ ಮಾಡಿ ಮತ್ತೆ ಸುತ್ತುತ್ತದೆ, ಪಾತ್ರೆ ತೊಳೆದ ನೀರು, ಮೇಲೆ ಜಿಡ್ಡಿನ ಪೊರೆ, ಇದನ್ನೇ ಕುಡಿದು ಬದುಕಿಕೊಳ್ಳಿ ಎಂದು ಹದಿನಾಲ್ಕು ಗಿಡಗಳ ಮುಂದೆ ನಿಲ್ಲುವ ಗತಿ ಬಂತಲ್ಲ ಅವನಿಗೆ, ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ತಪಾಸಣೆ ಮಾಡಿದವನಿಗೆ, ಅವನು ಹೂಂ ಅನ್ನದೆ ಒಂದು ಬೀರೂ ಗೇಟು ದಾಟುತ್ತಿರಲಿಲ್ಲ, ಈಗ ಎರಡು ವರ್ಷದಿಂದ ಮೋಡಗಳು ಅವನನ್ನು ಒಂದು ಮಾತೂ ಕೇಳದೆ ತಲೆಯ ಮೇಲೆ ಹಾದು ಹೋಗುತ್ತಿವೆ, ನಾಚಿಕೆಗೆಟ್ಟವು, ಮೇಲೆ ಬೆಳ್ಳಗೆ, ಒಳಗೆ ಏನೂ ಇಲ್ಲ, ಅಂಥ ಮಾಲನ್ನು ಅವನು ಲಾರಿಯಿಂದ ಇಳಿಸಲೂ ಬಿಡುತ್ತಿರಲಿಲ್ಲ. ಬಕೆಟ್ಟು ಎತ್ತಿದರೆ ಸೊಂಟ ಕಳಕ್ಕೆನ್ನುತ್ತದೆ, ಅನ್ನಲಿ. ನಿಂಬೆಗೆ ಒಂದು ಚೊಂಬು, ಸೋಮಾರಿ, ಎಷ್ಟು ಕೊಟ್ಟರೂ ಮುದುಡಿಕೊಂಡೇ ಇರುತ್ತದೆ, ದಾಳಿಂಬೆಗೆ ಅರ್ಧ ಚೊಂಬು, ಇದು ನಾಟಕದ್ದು, ಅವನು ಹತ್ತಿರ ಬಂದೊಡನೆ ನಾಲ್ಕು ಎಲೆ ಉದುರಿಸಿ ತೋರಿಸುತ್ತದೆ. ಕಸಿ ಗಿಡ ಸಾರ್, ಕಣ್ಣು ಮುಚ್ಕೊಂಡು ನೆಡಿ, ಎಂದಿದ್ದ ನರ್ಸರಿಯವನು, ನೆಟ್ಟಾಯಿತು, ಒಂಬತ್ತು ಗಿಡ ಕಡ್ಡಿಯಾಗಿ ನಿಂತ ಮೇಲೆ ಕಣ್ಣು ತೆರೆದೂ ಆಯಿತು. ಬೇಲಿಯಾಚೆ ರೇಡಿಯೋ ಹಾಡುತ್ತಿದೆ, ಮನುಷ್ಯರಿಗಲ್ಲ, ಗಿಡಗಳಿಗೆ, ಬ್ಯಾಂಕಿನಿಂದ ನಿವೃತ್ತನಾದ ಆ ಪುಣ್ಯಾತ್ಮ ತನ್ನ ಗಿಡಗಳಿಗೆ ಬೆಳಿಗ್ಗೆ ಬೆಳಿಗ್ಗೆ ಪಿಟೀಲು ಕೇಳಿಸುತ್ತಾನೆ, ನಿನ್ನೆ ಹಲ್ಲು ಕಿರಿದುಕೊಂಡು ಬೇಲಿಗೆ ಬಂದ, ಗಿಡಕ್ಕೆ ನೀರಿಗಿಂತ ಪ್ರೀತಿ ಮುಖ್ಯ ಸಾರ್, ಎಂದ, ಹಾಗಾದ್ರೆ ನೀವು ತರಿಸೋ ನೀರಿನ ಟ್ಯಾಂಕರ್ ಈ ಕಡೆ ಕಳಿಸಿ, ಪ್ರೀತಿ ನೀವೇ ಇಟ್ಕೊಳ್ಳಿ, ಎಂದು ಇವನಿಗೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ, ಯಾಕೆಂದರೆ ಆ ಮೂರ್ಖನ ಗಿಡಗಳು ಹಸಿರಾಗಿವೆ, ಅದೇ ಹೊಟ್ಟೆ ಉರಿಸುವುದು.

ಅಂಜೂರದ್ದು ಕೊನೆಯ ಸರದಿ, ಅದಕ್ಕೆಂದೇ ಎರಡು ಚೊಂಬು ಉಳಿಸಿರುತ್ತಾನೆ, ಪಕ್ಷಪಾತ ಅಲ್ಲ, ಪಕ್ಷಪಾತ ಅವನ ಜಾಯಮಾನದಲ್ಲೇ ಇಲ್ಲ, ಆದರೆ ಅದು ಮಗಳು ಕೊಟ್ಟ ಗಿಡ, ಕೈಗೆ ಕೊಟ್ಟದ್ದೂ ಅಲ್ಲ, ತಾಯಿಯ ಕೈಲಿ ಕಳಿಸಿದ್ದು, ಇದೊಂದನ್ನ ಬದುಕಿಸಲಿ ಅಪ್ಪ, ನಾನೇ ಬಂದು ನೋಡ್ತೀನಿ, ಎಂದಿದ್ದಳಂತೆ, ಮೂರು ವರ್ಷದಲ್ಲಿ ಅವಳಿಂದ ಅವನಿಗೆ ಬಂದ ಮಾತು ಅದೊಂದೇ. ಮೂರು ವರ್ಷದ ಹಿಂದೆ ಅವಳ ಹೊಸ ಮನೆಯಲ್ಲಿ ಎಲ್ಲರೂ ಸೇರಿದ್ದ ದಿನ, ಬೀಗರು ಕಾಫಿ ಲೋಟ ಹಿಡಿದುಕೊಂಡು ಗೋಡೆಯ ಬಣ್ಣವನ್ನು ಹೊಗಳುತ್ತಿದ್ದರು, ಹೊಗಳುವವರಿಗೇನು, ಅವನು ಎದ್ದು ಹೋಗಿ ಹೆಬ್ಬೆರಳ ಉಗುರಿನಿಂದ ಒಂದು ಗೀರು ಎಳೆದ, ಬೆಳ್ಳಗೆ ಪುಡಿ ಬಂತು, ಒಂದೇ ಕೋಟು, ನಿಮ್ಮನ್ನ ಚೆನ್ನಾಗಿ ಯಾಮಾರಿಸಿದ್ದಾರೆ, ಎಂದು ಎಲ್ಲರಿಗೂ ಉಗುರು ತೋರಿಸಿದ, ಅಳಿಯ ಲೋಟ ಕೆಳಗಿಟ್ಟು ಒಳಗೆ ಹೋದ, ಹದಿನೈದು ದಿನ ರಜೆ ಹಾಕಿ ಅವನೇ ಬಳಿದಿದ್ದನಂತೆ, ಅದನ್ನು ಮೊದಲೇ ಹೇಳಬೇಕಿತ್ತು, ಹೇಳಿದ್ದರೂ ಒಂದು ಕೋಟು ಒಂದೇ ಕೋಟು ತಾನೆ — ಸರಿ, ಹೇಳುವುದು ಬೇಡವಾಗಿತ್ತು, ಬೀಗರ ಎದುರಿಗಂತೂ ಬೇಡವಾಗಿತ್ತು. ಇವತ್ತು ಹತ್ತು ಗಂಟೆಯ ಬಸ್ಸಿಗೆ ಬರುತ್ತಾಳೆ. ಬೆಳಿಗ್ಗೆಯಿಂದ ಹೆಂಡತಿ ಮೂರು ಸಲ ಅಂಗಳ ಗುಡಿಸಿದ್ದಾಳೆ, ಬರುವವಳು ಅಂಗಳ ನೋಡಲು ಬರುವುದಿಲ್ಲ ಮಾರಾಯಿತಿ, ಗಿಡ ನೋಡಲು ಬರುತ್ತಾಳೆ, ಗಿಡದ ಎಲೆ ಎಲ್ಲ ಉದುರಿ ತಿಂಗಳ ಮೇಲಾಯಿತು. ಎಲೆ ಉದುರಿದರೆ ಸತ್ತಿತು ಅಂತಲ್ಲ, ಅದು ಪಕ್ಕದವನಂಥವರ ಲೆಕ್ಕಾಚಾರ, ತೊಗಟೆಯನ್ನು ಉಗುರಿನಿಂದ ಗೀರಬೇಕು, ಒಳಗೆ ಹಸಿರಿದ್ದು ಬಿಳಿ ಹಾಲಿನ ಹನಿ ಜಿನುಗಿತೋ, ಜೀವ ಇದೆ. ದಿನವೂ ಗೀರಿದ್ದಾನೆ, ಒಂದು ದಿನ ತಪ್ಪಿಸಿಲ್ಲ, ದಿನವೂ ಉಗುರ ತುದಿಗೆ ಆ ಬಿಳಿ ಹನಿ ಬಂದು ಕೂರುತ್ತಿತ್ತು, ಅಂಟು ಅಂಟು, ಅದನ್ನು ನೋಡಿದ ಮೇಲೇ ಅವನಿಗೆ ತಿಂಡಿ ಗಂಟಲಲ್ಲಿ ಇಳಿಯುತ್ತಿದ್ದದ್ದು. ರೀ, ಅದನ್ನ ದಿನಾ ಕೆರೀಬೇಡಿ, ಪಾಪ ಅದಕ್ಕೂ ನೋವಾಗುತ್ತೆ, ಎನ್ನುತ್ತಾಳೆ ಹೆಂಡತಿ, ಗಿಡಕ್ಕೆ ನೋವಂತೆ, ಇವಳನ್ನೂ ಬೇಲಿಯಾಚೆಯವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕು.

ನಿನ್ನೆ ಹನಿ ಬರಲಿಲ್ಲ. ಮೊನ್ನೆಯೂ ಇಲ್ಲ, ಹೆಂಡತಿಗೆ ಹೇಳಿಲ್ಲ, ಹೇಳದೆಯೂ ಅವಳಿಗೆ ಗೊತ್ತಾಗಿದೆ, ಸಂಜೆ ಬಂದು ಹಳೇ ದಿಂಬಿನ ಕವರು ಹರಿದು ಕಾಂಡಕ್ಕೆ ಪಟ್ಟಿ ಕಟ್ಟಿ ಹೋಗಿದ್ದಾಳೆ, ಹೂವಿನ ಚಿತ್ರದ ಪಟ್ಟಿ, ಮಂಡಿ ತರಚಿಕೊಂಡ ಮಗುವಿಗೆ ಕಟ್ಟಿದ ಹಾಗೆ, ನಗಬೇಕೋ ಅಳಬೇಕೋ. ಎಂದಿನ ಕಲ್ಲಿನ ಮೇಲೆ ಕೂರುತ್ತಾನೆ, ಮಂಡಿ ಬಗ್ಗುವುದಿಲ್ಲ, ಕಲ್ಲಿನ ಮೇಲೆ ಕೂತರೆ ಕೈ ನೇರವಾಗಿ ಎಟುಕುವ ಎತ್ತರ, ಪ್ರತಿದಿನ ಅದೇ ಎತ್ತರ, ಪ್ರತಿದಿನ ಹೊಸ ಜಾಗ, ಒಮ್ಮೆ ಗೀರಿದ ಕಡೆ ಮತ್ತೆ ಗೀರಬಾರದು, ತಪಾಸಣೆಯ ಮೊದಲ ಪಾಠ ಅದು, ಎಷ್ಟು ಜನಕ್ಕೆ ಕಲಿಸಿದ್ದಾನೆ, ಕಲಿತವರು ಹಿಂದಿನಿಂದ ಉಗುರು ಸಾಹೇಬ ಅನ್ನುತ್ತಿದ್ದರು, ಬಣ್ಣ ಬಳಿದು ಭಟ್ಟಿಯಲ್ಲಿ ಬೇಯಿಸಿದ ಬೀರನ್ನು ಉಗುರಿನಿಂದ ಗೀರುವುದು, ಬಣ್ಣ ಉಗುರಿಗೆ ಬಂದರೆ ಸರಿಯಾಗಿ ಬೆಂದಿಲ್ಲ, ವಾಪಸ್ಸು, ಆ ಮುದುಕ ಪೇಂಟರ್ ಒಬ್ಬನೇ ಎದುರಿಗೆ ನಿಂತು ಹೇಳಿದವನು, ಸಾರ್, ನೀವು ಗೀರಿದ ಜಾಗದಿಂದಾನೇ ತುಕ್ಕು ಹಿಡಿಯೋದು, ಆವತ್ತು ಅವನ ಹನ್ನೆರಡು ಬೀರು ವಾಪಸ್ಸಾದವು, ಬಾಯಿ ಮುಚ್ಚಿತು. ಗಂಟು ಬಿಗಿಯಾಗಿದೆ, ಇವಳ ಕೈಯ ಗಂಟೇ ಹಾಗೆ, ಬಂತು, ಬಿಚ್ಚಿತು — ಇದೇನಿದು. ಇಷ್ಟು ದಿನ ಅವನು ನೋಡಿದ್ದು ಒಂದೊಂದೇ ಗೀರು, ಅವತ್ತವತ್ತಿನದು, ಉಗುರನ್ನು ನೋಡಿದ್ದ, ಕಾಂಡವನ್ನು ನೋಡಿರಲಿಲ್ಲ, ಈಗ ಎಲ್ಲ ಒಟ್ಟಿಗೆ ಕಾಣುತ್ತಿವೆ, ಒಂದರ ಪಕ್ಕ ಒಂದು, ಒಂದಕ್ಕೊಂದು ಕೂಡಿಕೊಂಡು, ಕಾಂಡದ ಸುತ್ತ ಸುತ್ತಿ ಬಂದು ಹೊರಟಲ್ಲಿಗೇ ಸೇರಿವೆ, ಬೆರಳಗಲ ತೊಗಟೆಯೇ ಇಲ್ಲ, ಒಣಗಿದ ಕಂದು ಉಂಗುರ, ತುಕ್ಕಿನ ಬಣ್ಣ. ಅದರ ಮೇಲೆ ಇರುವುದೆಲ್ಲ ಸೌದೆ. ತೊಗಟೆ ಸುತ್ತ ಹೋದರೆ ಮರ ಉಳಿಯುವುದಿಲ್ಲ, ಬರ ಬರಲಿ ಮಳೆ ಬರಲಿ, ಅಷ್ಟು ಅವನಿಗೆ ಗೊತ್ತು. ಯಾರ ಕೆಲಸ ಇದು, ಎಂದು ಅಭ್ಯಾಸಬಲದಿಂದ ಬಾಯಿ ತೆರೆಯುತ್ತದೆ, ಮೂವತ್ತೆರಡು ವರ್ಷ ಕೇಳಿದ ಪ್ರಶ್ನೆ, ಕೇಳಿದಾಗಲೆಲ್ಲ ಎದುರಿಗೆ ಒಬ್ಬ ತಲೆ ತಗ್ಗಿಸಿ ನಿಂತಿರುತ್ತಿದ್ದ, ಈಗ ಎದುರಿಗೆ ಯಾರೂ ಇಲ್ಲ, ಬೇಲಿಯಾಚೆ ಪಿಟೀಲು. ಅವನಿಗೆ ಹೆದರಿಕೆಯಾಗುತ್ತದೆ, ಮಗಳ ಹೆದರಿಕೆ, ಐವತ್ತು ಕೆಜಿಯೂ ಇಲ್ಲದ ಹುಡುಗಿಯ ಹೆದರಿಕೆ. ಪಟ್ಟಿ ಮತ್ತೆ ಸುತ್ತಿಬಿಡಲೇ, ಬರಕ್ಕೆ ಹೋಯಿತಮ್ಮ ಅಂದುಬಿಡಲೇ, ಬಗ್ಗುತ್ತಾನೆ, ಬಗ್ಗದ ಮಂಡಿ ಬಗ್ಗುತ್ತದೆ, ಪಟ್ಟಿ ಮಣ್ಣಿಗೆ ಬಿದ್ದಿದೆ, ಅದರ ಪಕ್ಕ, ಉಂಗುರದ ಎಷ್ಟೋ ಕೆಳಗೆ, ಕಲ್ಲಿನ ಮೇಲೆ ಕೂತವನ ಕೈಗೆ ಎಟುಕದ ಜಾಗದಲ್ಲಿ, ಬುಡದಿಂದ ಒಂದು ಚಿಗುರು. ಕಿರುಬೆರಳುದ್ದ. ಎರಡು ಎಲೆ, ಸುಕ್ಕು ಬಿಚ್ಚದ ಎಲೆ. ಹೆಂಡತಿಗೆ ಗೊತ್ತಿತ್ತು, ಅದಕ್ಕೇ ಅವನು ಇವತ್ತಿನ ನೀರು ಹಾಕುವ ಮೊದಲೇ ಬುಡದಲ್ಲಿ ಮಣ್ಣು ಹಸಿಯಾಗಿದೆ, ಹೇಳಲಿಲ್ಲ ಅವಳು, ಅವನಿಂದ ಮುಚ್ಚಿಟ್ಟಿದ್ದಾಳೆ. ನಿಜವಾಗಿ ಜೀವ ಇದೆಯೇ, ಹಸಿರು ಬಣ್ಣ ನೋಡಿ ಮೋಸಹೋಗುವವನಲ್ಲ ಅವನು, ಗೇಟಿನ ಚಿಲಕ ಸದ್ದಾಗುತ್ತದೆ, ಹೆಂಡತಿಯ ಧ್ವನಿ, ಬಿಸಿಲಲ್ಲಿ ನಡ್ಕೊಂಡೇ ಬಂದ್ಯಾ, ಚಪ್ಪಲಿಯ ಸದ್ದು ಜಲ್ಲಿಯ ಮೇಲೆ ಹತ್ತಿರ ಬರುತ್ತದೆ, ಬೆನ್ನ ಹಿಂದೆ ನಿಲ್ಲುತ್ತದೆ, ಅಪ್ಪ, ಎನ್ನುತ್ತಾಳೆ ಮಗಳು, ಮೂರು ವರ್ಷದ ಮೇಲೆ, ಜೀವ ಇದೆಯಾ ಅದಕ್ಕೆ. ಇದೆಯಮ್ಮ, ಎನ್ನಲು ತಿರುಗಬೇಕು, ಹೆಬ್ಬೆರಳ ತುದಿ ತಣ್ಣಗಾಗಿದೆ, ಯಾಕೆ ತಣ್ಣಗಾಗಿದೆ, ನೋಡುತ್ತಾನೆ, ಚಿಗುರಿನ ಮೇಲೆ ಸಣ್ಣ ಗೀರು, ಯಾವಾಗ, ಈಗ, ಈಗಷ್ಟೇ, ಅವನನ್ನು ಕೇಳದೆ, ಕೈ ಮುಷ್ಟಿ ಕಟ್ಟುತ್ತಾನೆ, ಬಿಗಿಯಾಗಿ, ಮುಷ್ಟಿಯ ಒಳಗೆ ಉಗುರು, ಉಗುರಿನ ಮೇಲೆ ಬಿಳಿ ಹನಿ.